ಮೂರು ದಿನದ ಮೀನು

ಹಮಾಗುಚಿ ಅಜ್ಜಿಯ ಕೈಗಾಡಿಯ ಮೇಲೆ
ಎರಡೇ ತುಂಡು ಉಳಿದಿತ್ತು ಸವರಾ.
"ಇವತ್ತೇ ತಿನ್ನೋದಾ?" ಅಂದಳು.
ಇಲ್ಲ, ಮಿಸೊದಲ್ಲಿ ಇಡೋದು, ಅಂದೆ.
"ಹಾಗಾದರೆ ಇದಲ್ಲ" ಎಂದು ಐಸಿನಡಿಗೆ ಕೈ ಹಾಕಿ
ಬೇರೆ ಎರಡು ತೆಗೆದಳು, ದಪ್ಪನೆಯವು.
ದುಡ್ಡು ಅಷ್ಟೇ.

ಉಪ್ಪು ಮೊದಲು. ಅರ್ಧ ಗಂಟೆ ಬಿಟ್ಟರೆ
ಮೀನು ಬೆವರುತ್ತದೆ. ಒರೆಸಬೇಕು,
ಜ್ವರ ಬಿಟ್ಟ ಮಗುವಿನ ಹಣೆ ಒರೆಸಿದ ಹಾಗೆ.
ಇದು ಮಸುಯೊ ಮಾತು, ನನ್ನದಲ್ಲ. ಅವಳು ಆಸ್ಪತ್ರೆಯವಳು.
ನನಗೆ ಗೊತ್ತಿರುವುದು ಕಟ್ಟೆಗೆ ಸುತ್ತುವ ಹಗ್ಗ,
ಚಿಲ್ಲರೆ ತುಂಬಿದ ಚರ್ಮದ ಚೀಲ,
ಒನೊಮಿಚಿಯಿಂದ ಎದುರು ದಡಕ್ಕೆ ಐದು ನಿಮಿಷ,
ದಿನಕ್ಕೆ ನಲವತ್ತು ಸಲ.
ಎಷ್ಟು ತೊಳೆದರೂ ಬೆರಳಿಗೆ ಹತ್ತು ಯೆನ್ನಿನ ವಾಸನೆ.

ಬಿಳಿ ಮಿಸೊ ಇನ್ನೂರು ಗ್ರಾಂ. ಮಿರಿನ್ ಎರಡು ಚಮಚ.
ಸಾಕೆ, ಬಾಟಲಿ ಎಷ್ಟು ಬಗ್ಗಿತೋ ಅಷ್ಟು.
ಹದ ಹೇಗಿರಬೇಕೆಂದರೆ
ಚಮಚ ನೆಟ್ಟಗೆ ನಿಲ್ಲಬೇಕು,
ಆಮೇಲೆ ನಾಚಿಕೊಂಡು ವಾಲಬೇಕು.
ಡಬ್ಬಿಯ ತಳಕ್ಕೆ ಒಂದು ಪದರ, ಅದರ ಮೇಲೆ ತೆಳು ಬಟ್ಟೆ,
ಗಾಯಕ್ಕೆ ಕಟ್ಟುವಂಥದು,
ಬಟ್ಟೆಯ ಮೇಲೆ ಮೀನು, ಮೀನಿನ ಮೇಲೆ ಬಟ್ಟೆ, ಮತ್ತೆ ಮಿಸೊ.
ಮುಟ್ಟದೆ ಮುಟ್ಟಬೇಕು.
ಮುಚ್ಚಳ ಹಾಕಿದರೆ, ಇನ್ನು ನೆನೆಯುವುದು ಅದರ ಕೆಲಸ.

ಈ ತಿಂಗಳು ಅವಳಿಗೆ ರಾತ್ರಿ ಪಾಳಿ.
ನಾನು ಹೊರಡುವಾಗ ಅವಳಿನ್ನೂ ಬಂದಿರುವುದಿಲ್ಲ,
ನಾನು ಬರುವಾಗ ಅವಳ ಹಾಸಿಗೆ ಮಡಿಸಿಟ್ಟಿರುತ್ತದೆ.
ನಡುವೆ ಫ್ರಿಜ್ಜು. ಅದರ ಬಾಗಿಲಿಗೆ ಚೀಟಿ.

ಮಂಗಳವಾರ: ಮೀನು ಇಟ್ಟಿದ್ದೇನೆ. ಕೆಳಗಿನ ಖಾನೆ.
ಬುಧವಾರ: ತಿರುವಿ ಹಾಕಿದೆ. ನೀರು ಬಿಟ್ಟಿತ್ತು.
ಮುಚ್ಚಳ ಸರಿಯಾಗಿ ಒತ್ತು, ಬೆಣ್ಣೆಗೂ ಮಿಸೊ ವಾಸನೆ.
ಗುರುವಾರ: ಏಳನೇ ಕೋಣೆಯ ಅಜ್ಜ ಹೋದರು.
ಅದರ ಕೆಳಗೆ, ಬೇರೆ ಪೆನ್ನಿನಲ್ಲಿ:
ಮೀನು ಮತ್ತೆ ತಿರುವಿದೆ.

ಕೋಟೂ ತೆಗೆಯದೆ ಅದರ ಮುಂದೆ ನಿಂತಿದ್ದೆ.
"ಸರಿ" ಎಂದು ಬರೆದೆ. ಹೊಡೆದುಹಾಕಿದೆ.
"ನಾಳೆ ಸುಡುತ್ತೇನೆ" ಎಂದು ಬರೆದೆ.
ಆ ಅಜ್ಜನ ಕೆಳಗೆ ಆ ಪದ ಬೇಡವೆನಿಸಿ
ಅದನ್ನೂ ಹೊಡೆದು
"ನಾಳೆ ಒಟ್ಟಿಗೆ ಉಣ್ಣೋಣ" ಎಂದೆ.
ಚೀಟಿಯಲ್ಲಿ ಜಾಗ ಸಾಲದೆ "ಉಣ್ಣೋಣ" ಅಂಚಿಗೆ ಹತ್ತಿತು.

ಶುಕ್ರವಾರ ಅವಳಿಗೆ ರಜೆ. ನನ್ನದು ಗಾಳಿ ಕೊಟ್ಟ ರಜೆ,
ಮಧ್ಯಾಹ್ನವೇ ದೋಣಿ ಕಟ್ಟಿಹಾಕಿದ್ದರು.
ಮಿಸೊ ಒರೆಸಿ, ಗ್ರಿಲ್ಲಿನೊಳಗೆ, ಸಣ್ಣ ಉರಿಗೆ.
ಕಣ್ಣು ತೆಗೆಯಬಾರದು;
ಸಿಹಿ ಇದ್ದದ್ದು ಬೇಗ ಕರಿಕಾಗುತ್ತದೆ.

ಆಗ ಅವಳು ಶುರುಮಾಡಿದಳು. ಆ ಅಜ್ಜ
ಎದುರು ದಡದಲ್ಲಿ ಹಾಯಿಬಟ್ಟೆ ಹೊಲಿಯುತ್ತಿದ್ದರಂತೆ.
ಕೊನೆಕೊನೆಗೆ ಹೊದಿಕೆಯ ಅಂಚು ಹಿಡಿದು
ಹೊಲಿಗೆ ಹಾಕುತ್ತಿದ್ದರಂತೆ, ಸೂಜಿಯಿಲ್ಲದೆ.
ಹಲ್ಲಲ್ಲಿ ನೂಲು ಕಡಿಯುತ್ತಿದ್ದರಂತೆ, ಹಲ್ಲಿಲ್ಲದೆ.
ನಕ್ಕಳು. ನಗು ಅರ್ಧದಲ್ಲಿ ದಾರಿ ತಪ್ಪಿತು.
ನನ್ನ ದೋಣಿಯಲ್ಲೇ ದಾಟಿರಬೇಕು ಅವರು, ಅಂದೆ,
ಚಿಲ್ಲರೆ ಈ ಕೈಗೇ ಕೊಟ್ಟಿರಬೇಕು.
ಹೇಗಿದ್ದರು ನೋಡಲಿಕ್ಕೆ?
ಅವಳು ಯೋಚಿಸಿದಳು.
"ಕಿವಿ ದೊಡ್ಡದು."
ದೊಡ್ಡ ಕಿವಿಯವರನ್ನೆಲ್ಲ ನೆನೆಯುತ್ತಿದ್ದೆ,
ಹೊಗೆ ಬಂತು.

ಒಂದಂಚು ಪೂರಾ ಕಪ್ಪು.
ಚಾಕುವಿನ ಬೆನ್ನಿನಿಂದ ಕೆರೆದಳು,
ಕೆರೆದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ನಾನು ಬದಲಾಯಿಸಿದೆ.
ಅವಳು ಮತ್ತೆ ಬದಲಾಯಿಸಿದಳು.
ಚಾಪ್‌ಸ್ಟಿಕ್ ತಾಗಿದ್ದೇ ಮೀನು ಪದರ ಪದರ ಬಿಚ್ಚಿಕೊಂಡಿತು,
ಮುಳ್ಳಿನವರೆಗೂ ಇಳಿದಿತ್ತು ಸಿಹಿ.
ಅನ್ನ ಎರಡು ಸಲ ಹಾಕಿಸಿಕೊಂಡಳು.

ಇವತ್ತು ಶನಿವಾರ. ಫ್ರಿಜ್ಜಿನ ಮೇಲೆ:
ಮಿಸೊ ಬಿಸಾಡಬೇಡ, ಇನ್ನೊಂದು ಸಲಕ್ಕೆ ಬರುತ್ತದೆ.
ಉಪ್ಪು ಕಮ್ಮಿ ಮಾಡು.
ಅಜ್ಜಿಯ ಗಾಡಿ ಏಳೂವರೆಗೆ ಹೊರಟುಬಿಡುತ್ತದೆ.