ಮೊಳೆ ಹೊಡೆಯುವಂತಿಲ್ಲ

ಬಾಡಿಗೆ ಕರಾರಿನ ಒಂಬತ್ತನೆಯ ಕಲಮು:
ಗೋಡೆಗೆ ಮೊಳೆ ಹೊಡೆಯುವಂತಿಲ್ಲ.
ತೂತೊಂದಕ್ಕೆ ಐನೂರು ಪೆಸೊ ದಂಡ.
ಚಿಕ್ಕಮ್ಮ ಕ್ರಿಸಾಂತಾ ಕನ್ನಡಕ ಏರಿಸಿ ಓದಿದಳು,
ನಕ್ಕಳು: ‘ಮೊಳೆ ಯಾರಿಗೆ ಬೇಕು?’

ಮಾಂಡಾವೆಯ ಬೆತ್ತದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಗಂಟು ಹಾಕಿದ ಕೈ.
ಆ ಕುರ್ಚಿಗಳು ಹಡಗು ಹತ್ತಿ
ಹಿಮ ಬೀಳುವ ಊರುಗಳಿಗೆ ಹೋದವು.
ನಾವು ಕೂತದ್ದು ನೀಲಿ ಪ್ಲಾಸ್ಟಿಕ್ಕಿನ ಮೇಲೆ,
ತೊಡೆಗೆ ಅಂಟಿ, ಏಳುವಾಗ
ಚರ್ರೆಂದು ಬಿಡುವ ಪ್ಲಾಸ್ಟಿಕ್ಕು.

ಏಳನೆಯ ಮಹಡಿ, ಒಂದೇ ಕೋಣೆ.
ಕೈ ಚಾಚಿದರೆ ಒಲೆ, ಕಾಲು ಚಾಚಿದರೆ ಬಾಗಿಲು.
ಪಡುವಣ ಗೋಡೆ ಮಧ್ಯಾಹ್ನಕ್ಕೆ ಕಾದ ಕಾವಲಿ.
ನಾನೋ ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ,
ಊರೆದ್ದು ಬಿಸಿ ಪಾನ್ ದೆ ಸಾಲ್ ಮುರಿಯುವ ಹೊತ್ತಿಗೆ
ಮನೆಗೆ ಬಂದು ಬೀಳುವವಳು,
ಒಂದು ಬೆಂಕಿಯಿಂದೆದ್ದು ಇನ್ನೊಂದಕ್ಕೆ.

ಅವಳು ಗೇಣು ಹಾಕಿ ಅಳೆದಳು.
ಕಿಟಕಿ ಆರು ಗೇಣು. ಕಟ್ಟೆ ಎರಡೂವರೆ.
ಮಲಗಿದ್ದ ನನ್ನನ್ನೂ ಅಳೆದಳಂತೆ: ಏಳು.

ಬಿದಿರಿಗೆಂದು ಕೊರ್ಡೋವಾಕ್ಕೆ ಹೋದಳು,
ಕಡಲ ಕೆಸರಲ್ಲಿ ಎರಡು ತಿಂಗಳು ನೆನೆದು
ಸಿಹಿ ಬಿಟ್ಟು ಉಪ್ಪು ಹೊಕ್ಕ ಬಿದಿರು.
ಸಿಹಿ ಇದ್ದಲ್ಲಿ ಹುಳ, ಅವಳ ಲೆಕ್ಕ;
ಬಿದಿರಿಗೂ ಅಷ್ಟೆ, ಗಂಡಸಿಗೂ ಅಷ್ಟೆ.

ಲಿಫ್ಟು ಅದನ್ನು ನುಂಗಲಿಲ್ಲ.
ಕಾವಲಿನ ಡಿಯೊಸ್ದಾಡೊ ಟೋಪಿ ತೆಗೆದು ತಲೆ ಕೆರೆದ,
ಕರಾರಿನಲ್ಲಿ ಬಿದಿರಿನ ಮಾತಿಲ್ಲ.
ಮೆಟ್ಟಿಲಿನ ಪ್ರತಿ ತಿರುವಿನಲ್ಲೂ
ನಿಲ್ಲಿಸಿ, ಓರೆ ಮಾಡಿ, ದಮ್ಮು ಹಿಡಿದು,
ತುಂಬುಬಸುರಿಯನ್ನು ಹತ್ತಿಸುವ ಜೋಪಾನದಲ್ಲಿ.
ನಾಲ್ಕನೆಯ ಮಹಡಿಯ ಮಕ್ಕಳು ತುದಿ ಹಿಡಿದರು.
ಎರಡು ದಿನ ಮೆಟ್ಟಿಲೆಲ್ಲ ಕಡಲಿನ ವಾಸನೆ.

ಸೀಳಿದಳು, ಹೆರೆದಳು, ಅಬಾಕಾ ನಾರು ಹೊಸೆದು
ಕಿಟಕಿಯ ಸರಳಿಗೇ ತೆರೆ ಕಟ್ಟಿದಳು.
ಯಾರೋ ಕೆಡವಿದ ಹಳೆಮನೆಯಿಂದ
ಚಿಪ್ಪಿನ ಬಿಲ್ಲೆಗಳನ್ನು ತಂದು ಮೇಲುಗಡೆ ಪೋಣಿಸಿದಳು,
ಬಿಸಿಲನ್ನು ಸೋಸಿ ಹಾಲು ಮಾಡುವಂಥವು.
ಫೋಮ್ ಹಾಸಿಗೆ ಎದುರುಮನೆಗೆ ಹೋಯಿತು.
ನನಗೆ ಸಮಾರ್ ದ್ವೀಪದ ಹುಲ್ಲುಚಾಪೆ,
ಏಳು ಗೇಣು, ಮೇಲೊಂದು ಬೆರಳು.

ಆರನೆಯ ದಿನ ನೆಲದ ಮೇಲೆ ಹಿಟ್ಟು.
ನನ್ನ ಅಂಗಿಯಿಂದ ಉದುರಿದ್ದೆಂದು ಒರೆಸಿದೆ.
ಮರುದಿನವೂ ಅದೇ ಜಾಗ, ಚಿಟಿಕೆಯಷ್ಟು.
ಅವಳು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದಳು.
‘ಇದು ಗೋಧಿಯಲ್ಲ.’
ದಬ್ಬೆ ದಬ್ಬೆಗೂ ಕಿವಿಯಿಟ್ಟು ಕೇಳಿದಳು.
ಮೂರನೆಯದರೊಳಗೆ ಯಾರದೋ ರಾತ್ರಿಪಾಳಿ:
ಕಿರ್. ಕಿರ್. ಕಿರ್.
ಕಡಲನ್ನೇ ಕಾಣದ ಬಿದಿರು. ಮಾರಿದವನ ಸುಳ್ಳು.

‘ಇರಲಿ ಬಿಡು, ಪಾಪ, ನನ್ನಂತೆ ಹಿಟ್ಟಿನವನು’ ಅಂದೆ.
ಅವಳು ಗಂಟು ಬಿಚ್ಚಿದಳು.
ಎಲ್ಲೂ ಗಾಯವಾಗಲಿಲ್ಲ.
ಆ ದಬ್ಬೆ ಈಗ ಕೆಳಗೆ, ಡಿಯೊಸ್ದಾಡೊನ
ಅವರೆಬಳ್ಳಿಗೆ ಆಸರೆ. ‘ತಿನ್ನಲಿ, ಬಯಲಲ್ಲಿ.’

ಕೊನೆಗೆ ಕುರ್ಚಿ. ಹನ್ನೊಂದು ದಿನ ಹಿಡಿಯಿತು.
ಬೆನ್ನಿನ ಎಡಕ್ಕೆ ಒಂದು ಗಂಟು ತಿರುಗುಮುರುಗು.
ಕಣ್ಣು ಮಂಜಾಯಿತೇನೋ ಎಂದು ಮೆಲ್ಲಗೆ ತೋರಿಸಿದೆ.
‘ಬೇಕೆಂದೇ ಹಾಕಿದ್ದು.
ತಪ್ಪಿದ ಕುರ್ಚಿ ಮಾತ್ರ ಅಲ್ಲಿ
ಕೆಲಸದವರಿಗೆ ಅರ್ಧ ಬೆಲೆಗೆ ಸಿಗುತ್ತಿತ್ತು.
ಮೂವತ್ತೊಂದು ವರ್ಷ
ನನಗೆ ಒಮ್ಮೆಯೂ ತಪ್ಪಲಿಲ್ಲ ನೋಡು.’

ಮಧ್ಯಾಹ್ನ ಮೂರು. ಬೆನ್ನ ಮೇಲೆ ಚಾಪೆಯ ಗೆರೆ,
ಸುಟ್ಟ ಮೊಣಕೈ ಮೇಲೆ ಬಿಸಿಲಿನ ಗೆರೆ.
ಚಿಕ್ಕಮ್ಮ ನೆಲದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ.
ಕುರ್ಚಿಯ ಮೇಲೆ ಒಗೆದ ಬಟ್ಟೆ.
ತೆರೆ ಸರಳಿಗೆ ತಾಗಿ ಟಕ್ ಎಂದಿತು;
ಎಲ್ಲಿಂದಲೋ ಗಾಳಿ ಬಂದಿರಬೇಕು.
ಇನ್ನೊಂದು ಗಂಟೆ ಮಲಗಬಹುದು.