ವೃತ್ತಕ್ಕೆ ನಾಲ್ಕನೆಯ ಸಲ ಬಣ್ಣ

ಹಡಗು ಅನ್ನುವಂತಿಲ್ಲ ಇದನ್ನು. ಮೂತಿಯಿಲ್ಲ, ಪಟವಿಲ್ಲ,
ಚುಕ್ಕಾಣಿಗೊಬ್ಬ ಆಳಿಲ್ಲ.
ಕಡಲ ಮೇಲೆ ತೇಲಬಲ್ಲ ಒಂದು ಉಕ್ಕಿನ ಅಂಗಳ.
ಅದರ ನಡುವೆ ಬಗ್ಗಿ
ಬಿಳಿಯ ವೃತ್ತ ಬಳಿಯುತ್ತಿದ್ದಾನೆ ಡಾರ್ನೆಲ್ ಮಿಂಟರ್:
ಹಗ್ಗದ ಒಂದು ತುದಿ ನಡುಗೂಟಕ್ಕೆ,
ಇನ್ನೊಂದು ಅವನ ಸೊಂಟದ ಪಟ್ಟಿಗೆ.
ಗಾಣದ ಎತ್ತು ಬಣ್ಣದ ಡಬ್ಬಿ ಹಿಡಿದರೆ ಹೀಗೇ ಇದ್ದೀತು.

ಇದು ನಾಲ್ಕನೆಯ ಸಲ.
ಮೊದಲನೆಯದು ಮಾರ್ಚಿನದು. ಆಗ ಯಾವುದೋ ಕವಾಟ ಸೋರಿತು.
ಎರಡನೆಯದರ ಮೇಲೆ ಪೆಲಿಕನ್‌ಗಳು ಸಭೆ ಸೇರಿ
ಹಿಕ್ಕೆಯಲ್ಲಿ ಠರಾವು ಬರೆದು ಹೋದವು.
ಮೂರನೆಯದನ್ನು ಉಪ್ಪು ತಿಂದಿತು.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ;
ಫ್ಲಾರಿಡಾದ ಈ ಬಂದರಿನಲ್ಲಿ
ಉಪ್ಪೇ ಎಲ್ಲರನ್ನೂ ತಿನ್ನುತ್ತದೆ,
ನೀರು ಸುಮ್ಮನೆ ನೋಡುತ್ತದೆ.

ಹಿನ್ನೀರಿನಾಚೆ, ಜೊಂಡಿನ ಮೇಲೆ,
ನಿಂತಿದೆ ಅದು. ಇನ್ನೂ ಒಮ್ಮೆಯೂ ಹಾರಿಲ್ಲ.
ಮೈಗೆ ಮಸಿ ತಾಗಿಲ್ಲ. ಹನ್ನೊಂದು ಎಂಜಿನ್ನು,
ಆನೆಗಳ ಹಿಂಡನ್ನೇ ಹೊತ್ತೊಯ್ಯುವ ಹೊಟ್ಟೆ.
ಪತ್ರಿಕೆಯವರು ಬರೆಯುವ ಹೆಸರು ಬೇರೆ,
ಸಿಗಡಿ ದೋಣಿಯವರು ಕರೆಯುವುದು ಕೊಕ್ಕರೆ ಎಂದು,
ಕಾಲು ಮಡಚಿ ಇಟ್ಟುಕೊಂಡಿದೆಯಲ್ಲ, ಅದಕ್ಕೆ.

ಗಾಳದ ಹುಳು ಮಾರುವ ವಿಲ್ಲಡೀನಳ ಅಂಗಡಿಯಲ್ಲಿ
ಉಪ್ಪಿನಕಾಯಿ ಜಾಡಿಗಳೆರಡು.
ಒಂದರ ಮೇಲೆ *ಬರುತ್ತೆ*, ಇನ್ನೊಂದರ ಮೇಲೆ *ಮುಳುಗುತ್ತೆ*.
ಮುಳುಗುವ ಜಾಡಿ ಕತ್ತಿನ ತನಕ ತುಂಬಿದೆ.
ಡಾರ್ನೆಲ್ ಯಾವುದಕ್ಕೂ ಒಂದು ಡಾಲರ್ ಹಾಕಿಲ್ಲ.
ಹಸೆ ಬರೆದವನು
ಮದುವೆ ನಿಲ್ಲುತ್ತದೆಂದು ಬಾಜಿ ಕಟ್ಟುತ್ತಾನೆಯೇ?

ನಾನು ಎರಡು ದಿನಕ್ಕೆಂದು ಬಂದವನು,
ಹನ್ನೊಂದು ದಿನ ಆಯಿತು.
ಮುಂದೂಡಿಕೆಗೆ ಒಂದು ರುಚಿಯಿದೆ, ಹತ್ತಿದರೆ ಬಿಡದು.
ಗಾಳಿ ಮೇಲೆ, ಮೋಡ ಕೆಳಗೆ, ನಿಷಿದ್ಧ ನೀರಿನಲ್ಲಿ ಯಾರದೋ ದೋಣಿ,
ದಿನಕ್ಕೊಂದು ನೆಪ, ಮತ್ತೆ ಕಾಫಿ.

ಸಂಜೆ ಡಾರ್ನೆಲ್‌ನ ಅತ್ತೆ ಅರ್ನೆಸ್ಟೀನ್
ಬುತ್ತಿ ತರುತ್ತಾಳೆ. ಹುರಿದ ಮೀನು, ಜೋಳದ ರೊಟ್ಟಿ.
ಆಕೆ ಹಳೆಯ ಕಾಲದ ಗಗನನೌಕೆಗೆ
ಬೆಂಕಿ ತಡೆಯುವ ಬಿಲ್ಲೆ ಅಂಟಿಸಿದವಳು.
ಒಂದೊಂದು ಬಿಲ್ಲೆಗೂ ಒಂದೊಂದು ಸಂಖ್ಯೆ,
ಈಗ ಮೊಮ್ಮಕ್ಕಳ ಹುಟ್ಟುಹಬ್ಬ ಮರೆತರೂ
ಅವು ಬಾಯಿಪಾಠ.
ನೌಕೆ ಮರಳುವಾಗ ಆಕಾಶ ಎರಡು ಸಲ ಗುಡುಗುತ್ತಿತ್ತಂತೆ,
ಢಂ, ಢಂ, ಬಾಗಿಲು ತಟ್ಟಿದ ಹಾಗೆ.
ಒಂದು ಬೆಳಿಗ್ಗೆ ತಟ್ಟಲಿಲ್ಲ.
ಅಷ್ಟೇ ಹೇಳಿ ಮುಳ್ಳು ಬಿಡಿಸುತ್ತಾಳೆ.
ಎಲ್ಲೋ ಲಾರಿಯ ಬಾಗಿಲು ಢಂ ಎಂದರೆ
ಬೆರಳು ನಿಲ್ಲುತ್ತದೆ,
ಎರಡನೆಯದಕ್ಕೆ.

“ಏರುವುದೇನು ಮಹಾ,” ಅನ್ನುತ್ತಾಳೆ,
“ಕೋಪ ಬಂದವರೆಲ್ಲ ಏರುತ್ತಾರೆ.
ಇಳಿದು ತೋರಿಸಲಿ ನಿಮ್ಮ ಕೊಕ್ಕರೆ.”

ಹೋಗುತ್ತೇನೆ ಅನ್ನಬಾರದು,
ಹೋಗಿ ಬರುತ್ತೇನೆ ಅನ್ನಬೇಕು,
ಹೊಸ್ತಿಲಲ್ಲಿ ಹಾಗೆ ತಿದ್ದಿಸಿಕೊಂಡ ನಾಲಿಗೆ ನನ್ನದು.
ಇಷ್ಟು ವರ್ಷ ಮೇಲೆ ಹೋದವೆಲ್ಲ
ಹೋಗುತ್ತೇನೆ ಎಂದೇ ಹೋದವು,
ಉರಿದ ಕೊಳವೆಗಳನ್ನು ಕಡಲಿಗೆ ಚೆಲ್ಲಿ.
ಇದಕ್ಕಾದರೂ ಯಾರೋ
ಆ ಇನ್ನೊಂದು ಪದ ಕಲಿಸಿದ್ದಾರೆ.
ಉಚ್ಚಾರ ಸರಿಯಿದೆಯೋ, ನಾಳೆ ಗೊತ್ತಾಗುತ್ತದೆ.
ನಾಳೆ ಅಲ್ಲದಿದ್ದರೆ ಗುರುವಾರ.

ಹೊತ್ತು ಮುಳುಗುವ ಮುಂಚೆ ಎಳೆದೋಣಿ ಬಂತು.
ಹಗ್ಗ ಬಿಗಿಯಿತು, ಉಕ್ಕು ನರಳಿತು,
ಅಂಗಳ ದಕ್ಕೆಯಿಂದ ಒಂದು ಮೊಳ ಸರಿಯಿತು.
ಇನ್ನು ಅದರ ಮೇಲೆ ಯಾರೂ ಇರುವಂತಿಲ್ಲ.
ಬಣ್ಣ ಇನ್ನೂ ಹಸಿ.

ಆಗ ಎಲ್ಲಿಂದಲೋ ಒಂದು ಕಡಲಕ್ಕಿ,
ರೆಕ್ಕೆ ಎರಡು ಸಲ ಬಡಿದು, ವೇಗ ತಗ್ಗಿಸಿ,
ಕಾಲು ಮುಂದೆ ಚಾಚಿ
ವೃತ್ತದೊಳಗೆ ಇಳಿಯಿತು.
ನಾಲ್ಕು ಹೆಜ್ಜೆ ನಡೆಯಿತು, ಬೆಳ್ಳಗೆ,
ಏನೂ ಸಿಗದೆ ಹಾರಿತು.

ವಿಲ್ಲಡೀನ್ ಬಯ್ದಳು. ಡಾರ್ನೆಲ್ ಕುಂಚ ಎತ್ತಿದ,
ದಕ್ಕೆಗೂ ಅದಕ್ಕೂ ನಡುವಿನ ನೀರು ಅಳೆದ,
ಇಳಿಸಿದ.
“ಇರಲಿ ಬಿಡು,” ಅಂದ.
“ಸರಿಯಾಗಿ ನಡುವಿಗೇ ಬಂತಲ್ಲ.”