ಕೇಳಿದ್ದು

ಭಾನುವಾರ ಬೆಳಗ್ಗೆ ಆರಕ್ಕೆ
ಪಾಷಾಣ್‌ನ ಹಿಂದಿನ ಟೇಕಡಿಯ ಬುಡದಲ್ಲಿ
ಹನ್ನೊಂದು ಜನ ಸೇರುತ್ತೇವೆ.
ಗುದ್ದಲಿ ಮೂರು, ಗರಗಸ ಎರಡು, ದುರ್ಬೀನು ನಾಲ್ಕು,
ದಾಂಡೇಕರ ಬಾಯಿಯ ಫ್ಲಾಸ್ಕಿನಲ್ಲಿ ಸಕ್ಕರೆ ಕಮ್ಮಿ ಚಹಾ.

ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಸಹಸ್ರಬುದ್ಧೆ
ಮೊದಲ ದಿನವೇ ಬೆರಳು ಮಾಡಿದ್ದರು:
"ಆರೋಪಿ ಇದೇ. ಉಂದೀರ್‌ಮಾರಿ. ಪರದೇಶದ್ದು.
ಕೆಳಗೆ ಹುಲ್ಲು ಬೆಳೆಯದು, ಮೇಲೆ ಹಕ್ಕಿ ಕೂರದು.
ಹುಲ್ಲಿಲ್ಲದೆ ಗೌಜಲು ಎಲ್ಲಿ ಮೊಟ್ಟೆ ಇಡಬೇಕು?"
ತಲೆಯಾಡಿಸಿದೆ.
ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಹೆಸರಿತ್ತು.
ಸರಕಾರಿ ಗಿಡ ಅನ್ನುತ್ತಿದ್ದ ಅಪ್ಪ.

ನಮ್ಮ ಕಡೆ ಗಿಡ ನೆಡುವುದಿಲ್ಲ, ಹಚ್ಚುತ್ತಾರೆ,
ದೀಪದ ಹಾಗೆ.
ಇಂಡಿಯಿಂದ ರೈಲು ಹತ್ತಿ ಬಂದ ಮಲಕಪ್ಪ
ಈ ಗುಡ್ಡಕ್ಕೆ ಎರಡು ಮಳೆಗಾಲ ಗಿಡ ಹಚ್ಚಿದ.
ಗುಂಡಿಗೆ ಎಂಟಾಣೆ.
ಬಂಡೆ ಸಿಕ್ಕರೂ ಎಂಟಾಣೆಯೇ.
"ಬೋಳ ಗುಡ್ಡ ಇತ್ತವ್ವಾ, ಹಸರ ಮಾಡಿದ್ವಿ"
ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದ,
ಪಕ್ಕದ ಸೀಟಿನವರಿಗೂ ಕೇಳಲಿ ಎಂದು
ಗಟ್ಟಿಯಾಗಿ, ಕನ್ನಡದಲ್ಲೇ.
ಯಾರಿಗೂ ತಿಳಿಯುತ್ತಿರಲಿಲ್ಲ.
ನನಗೆ ನಾಚಿಕೆ.

ಬೋಳಾಗಿರಲಿಲ್ಲ ಅದು, ಎನ್ನುತ್ತಾರೆ ಸಹಸ್ರಬುದ್ಧೆ,
ಹುಲ್ಲುಗಾವಲಾಗಿತ್ತು.
ಬೇಸಿಗೆಯಲ್ಲಿ ಬಂದು ನೋಡಿದವರು
ಬೋಳು ಎಂದು ಬರೆದುಕೊಂಡು ಹೋದರು.

ವಾರವಿಡೀ ಲ್ಯಾಬಿನಲ್ಲಿ ರಕ್ತ ತೆಗೆಯುವವಳು ನಾನು.
ನರವೇ ಸಿಗದ ತೋಳಿನಲ್ಲೂ ನನಗೆ ಸಿಗುತ್ತದೆ.
ಬೇರೂ ಹಾಗೆಯೇ; ಎಳೆಯುವ ಮುಂಚೆ
ಬೆರಳಿಟ್ಟು ವಿಚಾರಿಸಬೇಕು, ಎತ್ತ ಹೋಗಿದೆ ಎಂದು.
ಸಣ್ಣವು ಕೈಗೇ ಬರುತ್ತವೆ. ದೊಡ್ಡವಕ್ಕೆ ಗರಗಸ,
ಮತ್ತೆ ಚಿಗುರದಂತೆ ಮೋಟಿಗೆ ಕರೀ ಚೀಲ.
ಖಾಲಿಯಾದಲ್ಲಿ ಪವನ್ಯಾ ಹುಲ್ಲಿನ ಬೀಜ
ಮಣ್ಣುಂಡೆಯಲ್ಲಿ ಕಟ್ಟಿ ಎಸೆಯುತ್ತೇವೆ.

ಜೂನಿನ ಮೊದಲ ವಾರ, ದಕ್ಷಿಣದ ಇಳಿಜಾರಿನಲ್ಲಿ
ಹತ್ತು ಮರ ಉರುಳಿದ ಮೇಲೆ ಕಂಡಿತು:
ಮೋಟುಗಳ ಸಾಲು, ದಾರ ಹಿಡಿದಂತೆ ನೆಟ್ಟಗೆ.
ಹೆಜ್ಜೆಯಿಟ್ಟು ಅಳೆದೆ. ನಾಲ್ಕು. ನಾಲ್ಕು. ನಾಲ್ಕು.
ಅಪ್ಪ ಹಗ್ಗಕ್ಕೆ ಗಂಟು ಹಾಕಿ ಹಾಸುತ್ತಿದ್ದ,
ಗಂಟಿಗೊಂದು ಗುಂಡಿ.
ಆಮೇಲೆ ಬಹಳ ವರ್ಷ ಅದರ ಮೇಲೆ ನಮ್ಮ ಬಟ್ಟೆ ಒಣಗಿದವು,
ಜೋತ ಬಟ್ಟೆ ಗಾಳಿಗೆ ಜಾರಿ
ಗಂಟಿಗೆ ಬಂದು ನಿಲ್ಲುತ್ತಿತ್ತು.

ಇದು ಅವನದೇ ಸಾಲು ಎನ್ನಲಾರೆ.
ಕೂಲಿಯವರು ನೂರು ಜನ, ಹಗ್ಗ ನೂರು.
ಯಾರಿಗೂ ಹೇಳಲಿಲ್ಲ. ಚಹಾ ಕುಡಿದೆ.

ಹನ್ನೊಂದನೆಯ ಮರಕ್ಕೆ ಗರಗಸ ಇಡುವಾಗ
ಓಜಸ್ ಕೈ ಎತ್ತಿದ.
ಕವಲಿನಲ್ಲಿ ಬಟ್ಟಲಷ್ಟು ಗೂಡು, ಪಿಕಳಾರದ್ದು.
ಮೂರು ಬಾಯಿ. ಕಣ್ಣು ಇನ್ನೂ ಬಂದಿಲ್ಲ.
"ಇದರ ಮೇಲೆ ಹಕ್ಕಿ ಕೂರೋದೇ ಇಲ್ಲ ಅಂದಿದ್ದಿರಿ?"
ಹನ್ನೆರಡು ವರ್ಷದವನು, ಕೇಳಿಯೇಬಿಡುತ್ತಾನೆ.
ಸಹಸ್ರಬುದ್ಧೆ ಕನ್ನಡಕ ಒರೆಸಿದರು.
ಹಾಕಿಕೊಂಡು, ತೆಗೆದು, ಮತ್ತೊಮ್ಮೆ ಒರೆಸಿದರು.
ದಾಂಡೇಕರ ಬಾಯಿ ದುಪಟ್ಟಾದ ಅಂಚು ಹರಿದು
ಬೊಡ್ಡೆಗೆ ಕೆಂಪು ಪಟ್ಟಿ ಕಟ್ಟಿದರು.
ಮರಿ ಹಾರುವವರೆಗೆ ಇರಲಿ.

ಮರಿ ಹಾರಿ ಎರಡು ತಿಂಗಳು.
ಪಟ್ಟಿ ಮಳೆಗೆ ಬಿಳಿಚಿದೆ.
ಆ ಕಡೆಗೆ ಗರಗಸ ಒಯ್ಯುವ ಮಾತು
ಯಾರೂ ಎತ್ತಿಲ್ಲ, ಬಿಡುವ ಮಾತನ್ನೂ.
ಸುತ್ತ ಹುಲ್ಲು ಮೊಣಕಾಲು ಮುಟ್ಟಿದೆ.

ಇವತ್ತು ಎಣಿಕೆ.
ಹಾಳೆಯಲ್ಲಿ ಎರಡು ಕಾಲಮ್ಮು: ಕಂಡದ್ದು, ಕೇಳಿದ್ದು.
ನೆಲಗುಬ್ಬಿ ಆರು.
ಟಿಟ್ಟಿಭ ಎರಡು, ಅವುಗಳ ಬೈಗುಳ ಲೆಕ್ಕಕ್ಕಿಲ್ಲ.
ಆಗ ಹುಲ್ಲಿನೊಳಗಿಂದ, ಬಿರಡೆ ಬಿಗಿದಂತೆ
ಏರುತ್ತ, ಏರುತ್ತ, ಮೂರು ಸಲ.
ಎಲ್ಲರೂ ದುರ್ಬೀನು ಎತ್ತಿದರು.
ನಾನು ಎತ್ತಲಿಲ್ಲ.
ಎದುರಿನ ಗುಡ್ಡಕ್ಕೂ ಕೇಳಲಿ ಎಂಬಂತೆ
ಗಟ್ಟಿಯಾಗಿ, ತನ್ನ ಮಾತಿನಲ್ಲೇ.

ಬರೆದೆ:
ಗೌಜಲು. ಕಂಡದ್ದು ಸೊನ್ನೆ.
ಕೇಳಿದ್ದು ಒಂದು.